ಸೂರು ಮತ್ತು ನೆಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಎರಡನ್ನೂ ಮಾಡಿ ಬಳಲಿದವರು, ಹೇಗೋ ಮಾಡಿ ಮುಗಿಸಿದೆನಲ್ಲಾ ಎಂದು ನಿಟ್ಟುಸಿರು ಬಿಟ್ಟವರು, ಕೇಳುತ್ತಿರುವವರಲ್ಲಿ ಬೇಕಾದಷ್ಟು ಮಂದಿ ಇರಬಹುದು. ಆದರೆ ಈ ಗಾದೆ ಕಟ್ಟಿದವರು ಹಳ್ಳಿಯವರೇ ಆಗಿರಬೇಕು. ಪಟ್ಟಣ ಕಂಡಿದ್ದರೆ ‘ಬಾಡಿಗೆ ಮನೆ ಹುಡುಕಿ ನೋಡು’ ಎಂದು ಮೂರನೆಯದೊಂದನ್ನು ಸೇರಿಸದೆ ಬಿಡುತ್ತಿರಲಿಲ್ಲ. ಮುಂಗಡ ಎಷ್ಟು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು, ಮನೆಯಲ್ಲಿ ಎಷ್ಟು ತಲೆ, ‘ನೀವು ಯಾವ ಜನ?’ ಎಂಬ ಪ್ರಶ್ನೆಗಳ ಸಾಲನ್ನು ದಾಟಿ ಬಂದವರಿಗೇ ಅದರ ಪಾಡು ಗೊತ್ತು. ತಿಂಗಳ ಸಂಬಳವುಳ್ಳ ನಮಗೇ ಹೀಗಾದರೆ, ದಿನಗೂಲಿಯವರು, ಮನೆಗೆಲಸದವರು, ಪೌರಕಾರ್ಮಿಕರು, ಊರು ಬಿಟ್ಟು ದುಡಿಯಲು ಬಂದವರು ಎಲ್ಲಿ, ಹೇಗೆ ಇರುತ್ತಾರೆ? ಈ ಹೊತ್ತು ನಾನು ನಿಮ್ಮೊಡನೆ ಆಡಬೇಕೆಂದಿರುವ ಮಾತು ಅದನ್ನು ಕುರಿತದ್ದು.

ದೊಡ್ಡ ಸಂಗತಿಯನ್ನು ಚಿಕ್ಕದರಿಂದ ಆರಂಭಿಸುತ್ತೇನೆ. ನಮ್ಮ ಮನೆಗೆ ಬಹುಕಾಲದಿಂದ ಕೆಲಸಕ್ಕೆ ಬರುವ ಹೆಂಗಸೊಬ್ಬಳಿದ್ದಾಳೆ. ನಮ್ಮ ಬಡಾವಣೆಯ ಹಿಂದೆ, ರಾಜಕಾಲುವೆಯ ಪಕ್ಕದಲ್ಲಿ, ತಗಡಿನ ಸೂರಿನ ಮನೆಗಳ ಸಾಲೊಂದರಲ್ಲಿ ಅವಳ ಸಂಸಾರವಿತ್ತು. ಅಲ್ಲಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಆರಕ್ಕೆ ನಮ್ಮ ಮನೆ, ಏಳೂವರೆಗೆ ಎದುರು ಸಾಲಿನ ಮನೆ, ಹೀಗೆ ನಾಲ್ಕು ಮನೆಗಳ ಕೆಲಸ ಮುಗಿಸಿ, ನಡುವೆ ಒಮ್ಮೆ ಓಡಿಹೋಗಿ ಮಕ್ಕಳನ್ನು ಶಾಲೆಗೆ ಕಳಿಸಿ ಬರುತ್ತಿದ್ದಳು. 2019ರಲ್ಲಿ ಆ ಸಾಲಿನವರಿಗೆಲ್ಲ ಊರಾಚೆ ಹೊಸ ಮನೆಗಳನ್ನು ಕೊಟ್ಟರು. ಮೂರಂತಸ್ತಿನ ಗಟ್ಟಿ ಕಟ್ಟಡ. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಒಳಗೇ ಬಚ್ಚಲು, ಕಕ್ಕಸು. ಹಾಲು ಉಕ್ಕಿಸುವ ದಿನ ನಮ್ಮ ಮನೆಯಾಕೆ ಹೋಗಿ ಒಂದು ಕುಕ್ಕರ್ ಕೊಟ್ಟು ಬಂದಳು. ನಮಗೆಲ್ಲ ಸಂತೋಷವಾಯಿತು.

ಎಂಟು ತಿಂಗಳಲ್ಲಿ ಆಕೆ ಆ ಮನೆಗೆ ಬೀಗ ಹಾಕಿ, ನಮ್ಮ ಬೀದಿಯ ಸಮೀಪ ಹತ್ತಡಿ ಹನ್ನೆರಡಡಿಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಬಂದುಬಿಟ್ಟಳು. ‘ಈ ಜನಕ್ಕೆ ಕೊಟ್ಟರೂ ಉಳಿಸಿಕೊಳ್ಳಲಾರರು’ ಎಂದು ಬೀದಿಯವರು ಆಡಿಕೊಂಡರು. ಮುಚ್ಚಿಟ್ಟು ಪ್ರಯೋಜನವಿಲ್ಲ, ನಾನೂ ಆ ಮಾತಿಗೆ ತಲೆದೂಗಿದವನೇ. ನಮ್ಮ ಮನೆಯಾಕೆ ಕೇಳಿದಾಗ ಆಕೆ ಹೇಳಿದ್ದು ಇಷ್ಟೆ: ‘ಮನೆಯೇನೋ ಚೆಂದಾಗೈತಮ್ಮ. ಗೋಡೆ ನೆಕ್ಕೊಂಡು ಬದುಕಾಕಾಗ್ತದಾ?’

ಆ ಮಾತು ನನ್ನನ್ನು ಬಿಡಲಿಲ್ಲ. ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಹೊಸ ಮನೆಯಿಂದ ನಮ್ಮ ಬಡಾವಣೆಗೆ ಎರಡು ಬಸ್ಸು ಬದಲಿಸಬೇಕು. ಹೋಗಿ ಬರುವುದಕ್ಕೆ ದಿನಕ್ಕೆ ಮೂರೂವರೆ ಗಂಟೆ. ಆರಕ್ಕೆ ಬರಬೇಕಾದವಳು ಎಂಟಕ್ಕೆ ಬಂದರೆ ಬೆಳಗಿನ ಎರಡು ಮನೆಗಳು ಬೇರೆಯವರನ್ನು ನೋಡಿಕೊಳ್ಳುತ್ತವೆ, ನೋಡಿಕೊಂಡವು. ವರಮಾನ ಅರ್ಧಕ್ಕೆ ಇಳಿಯಿತು, ಉಳಿದ ಅರ್ಧದಲ್ಲಿ ಬಸ್ಸಿಗೊಂದು ಪಾಲು ಹೋಯಿತು. 2023ರ ಜೂನ್ ತಿಂಗಳಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಖರ್ಚಿಲ್ಲ. ಅದು ದೊಡ್ಡ ಉಪಕಾರವೇ ಸರಿ. ಆದರೆ ಆ ಮೂರೂವರೆ ಗಂಟೆಯನ್ನು ಯಾರೂ ಹಿಂದಕ್ಕೆ ಕೊಡಲಾರರು. ಮಕ್ಕಳ ಶಾಲೆ ಇಲ್ಲಿ, ಮನೆ ಅಲ್ಲಿ. ಜ್ವರ ಬಂದ ದಿನ ಸಾಲ ಕೊಡುವ ಅಂಗಡಿಯವನು ಇಲ್ಲಿ, ಜ್ವರದವನು ಅಲ್ಲಿ. ಪುಕ್ಕಟೆಯಾಗಿ ಬಂದ ಮನೆ ಅವಳಿಗೆ ಬಾಡಿಗೆ ಮನೆಗಿಂತ ದುಬಾರಿಯಾಗಿತ್ತು. ಲೆಕ್ಕ ತಪ್ಪಿದ್ದು ಅವಳದಲ್ಲ, ನಮ್ಮದು.

ಈ ಲೆಕ್ಕವನ್ನು ನನಗಿಂತ ಬಹಳ ಮುಂಚೆಯೇ ನಮ್ಮ ಸುಪ್ರೀಂ ಕೋರ್ಟು ಬರೆದಿಟ್ಟಿದೆ. 1981ರಲ್ಲಿ ಮುಂಬಯಿಯ ಫುಟ್‌ಪಾತುಗಳ ಮೇಲೆ ಗುಡಿಸಲು ಹಾಕಿಕೊಂಡವರನ್ನು ಎಬ್ಬಿಸಲು ಹೊರಟಾಗ, ಓಲ್ಗಾ ಟೆಲ್ಲಿಸ್ ಎಂಬ ಪತ್ರಕರ್ತೆ ಮೊದಲಾದವರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಾಧೀಶ ವೈ.ವಿ. ಚಂದ್ರಚೂಡರಿದ್ದ ಐವರ ಪೀಠ 1985ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನೊಳಗೆ ಬದುಕಿನ ದುಡಿಮೆಯೂ ಸೇರಿದೆ. ಈ ಜನ ಅಲ್ಲಿ ಮಲಗುವುದು ಕೆಲಸ ಹತ್ತಿರವಿದೆ ಎಂದು. ಗುಡಿಸಲು ಹೋದರೆ ಕೆಲಸವೂ ಹೋಗುತ್ತದೆ ಎಂಬುದನ್ನು ಆ ತೀರ್ಪು ಒಪ್ಪಿತು. ಹಾಗೆಂದು ಫುಟ್‌ಪಾತಿನ ಮೇಲೆ ನೆಲೆಸುವ ಹಕ್ಕನ್ನು ಅದು ಕೊಡಲಿಲ್ಲ. ಎಬ್ಬಿಸುವ ಮುನ್ನ ಮುಂಚಿತವಾಗಿ ತಿಳಿಸಬೇಕು, ಅವರ ಮಾತನ್ನು ಕೇಳಬೇಕು ಎಂದಿತು. ಮುಂದೆ 1995ರಲ್ಲಿ, ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ, ವಸತಿಯ ಹಕ್ಕು ಎಂದರೆ ತಲೆಯ ಮೇಲೆ ಸೂರು ಮಾತ್ರವಲ್ಲ. ಸಾಕಷ್ಟು ಜಾಗ, ಭದ್ರವಾದ ಕಟ್ಟಡ, ಗಾಳಿ ಬೆಳಕು, ಶುದ್ಧ ನೀರು, ಕಕ್ಕಸು, ರಸ್ತೆ ಎಲ್ಲವೂ ಸೇರಿದ್ದು ಎಂದು ಅದೇ ಕೋರ್ಟು ವಿವರಿಸಿತು.

ಇಷ್ಟೆಲ್ಲ ಬೇಕೆ ಎಂದು ಕೇಳುವವರುಂಟು. ತಗಡಿನ ಕೆಳಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದವರು ಹಾಗೆ ಕೇಳಲಾರರು. ಏಪ್ರಿಲಿನ ಮಧ್ಯಾಹ್ನ ಒಳಗೆ ಕೂರಲಾಗದು, ಜುಲೈನ ರಾತ್ರಿ ಒಳಗೆ ಮಲಗಲಾಗದು. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಆರು ಜನ ಮಲಗಿದರೆ, ಒಬ್ಬರ ಕ್ಷಯ ಮಿಕ್ಕವರಿಗೆ ಹರಡಲು ಅಡ್ಡಿಯೇ ಇಲ್ಲ. ಕಕ್ಕಸು ಇಲ್ಲದ ಮನೆಯ ಹೆಣ್ಣುಮಗಳು ಬೆಳಕು ಹರಿಯುವ ಮುನ್ನ ಇಲ್ಲವೆ ಕತ್ತಲಾದ ಮೇಲೆ ಹೊರಗೆ ಹೋಗಬೇಕು. ಆ ನಡುವಿನ ಹೊತ್ತು ನೀರು ಕುಡಿಯದೆ ಇರಬೇಕು. ಪಾಠ ಓದುವ ಹುಡುಗ ಬೀದಿದೀಪದ ಕೆಳಗೆ ಓದಿ ದೊಡ್ಡವನಾದ ಕಥೆಗಳನ್ನು ನಾವು ಮೆಚ್ಚಿ ಹೇಳುತ್ತೇವೆ. ಓದಲಾಗದೆ ಬಿಟ್ಟ ನೂರು ಹುಡುಗರ ಕಥೆಯನ್ನು ಯಾರೂ ಹೇಳುವುದಿಲ್ಲ.

ತಗ್ಗಿನ ನೆಲ ಬಡವರ ಪಾಲಿಗೇ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ಮಳೆಯ ನೀರಿನಲ್ಲಿ ನಿಂತಾಗ, ಬಂಗಲೆಯವರು ಟ್ರ್ಯಾಕ್ಟರ್ ಏರಿ ಹೊರಬರುತ್ತಿದ್ದ ಚಿತ್ರಗಳನ್ನು ಊರೆಲ್ಲ ನೋಡಿತು. ಬಂಗಲೆಯವರಿಗೆ ಅದು ಅಪರೂಪದ ಅನುಭವ. ಕಾಲುವೆಯಂಚಿನ ಗುಡಿಸಲಿನವರಿಗೆ ಅದು ವರ್ಷ ವರ್ಷದ ಪಾಡು. ನೀರು ಇಳಿದ ಮೇಲೆ ಅವರು ಒಣಗಲು ಹಾಕುವುದು ಬರಿಯ ಬಟ್ಟೆಯನ್ನಲ್ಲ. ರೇಷನ್ ಕಾರ್ಡು, ಆಧಾರ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡುಗಳನ್ನು.

ವಸತಿ ಒಬ್ಬರ ಖಾಸಗಿ ಸಂಗತಿ ಅಲ್ಲವೆಂಬುದನ್ನು ನಮ್ಮ ಪಟ್ಟಣಗಳು ಒಮ್ಮೆ ಕಠಿಣವಾದ ರೀತಿಯಲ್ಲಿ ಕಲಿತಿವೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಅದು ಹಬ್ಬಿತು. ಬಡವರ ಮನೆಯ ಇಲಿ ಸಿರಿವಂತರ ಮನೆಗೆ ಹೋಗಲು ಅಪ್ಪಣೆಯನ್ನೇನೂ ಕೇಳಲಿಲ್ಲ. ಆಗ ಊರು ಎಚ್ಚೆತ್ತಿತು. ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿಯಾಡುವ ಜಾಗಗಳೊಡನೆ ಎದ್ದುನಿಂತವು. ದಂಡಿನ ಕಡೆ 1910ರಲ್ಲಿ ಫ್ರೇಜರ್ ಟೌನು ಎದ್ದಿತು. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿಗೆಂದು ಒಂದು ಟ್ರಸ್ಟ್ ಬೋರ್ಡು ಹುಟ್ಟಿತು. ಇಂದು ನಾವು ಅಂದವೆಂದು ಹೊಗಳುವ ಹಳೆಯ ಬಡಾವಣೆಗಳು ಒಂದು ರೋಗದ ಭಯ ಕಲಿಸಿದ ಪಾಠ.

ಪಾಠವೇನೋ ಒಳ್ಳೆಯದೇ, ಆದರೆ ಅರ್ಧ ಪಾಠ. ಆ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಒಂದು ಓಣಿ ಬಿಟ್ಟರು. ಕನ್ಸರ್ವೆನ್ಸಿ ಎಂದು ಹಳಬರು ಕರೆಯುವ ಆ ಓಣಿಯಲ್ಲಿ ಜಾಡಮಾಲಿ ಬಂದು ಮನೆಮನೆಯ ಹೊಲಸನ್ನು ಹೊತ್ತುಕೊಂಡು ಹೋಗಬೇಕು. ಅವನು ಬರುವ ದಾರಿಗೆ ನಕ್ಷೆಯಲ್ಲಿ ಗೆರೆ ಎಳೆದರು. ಅವನು ಎಲ್ಲಿಂದ ಬರುತ್ತಾನೆ, ಅವನ ಮನೆ ಎಲ್ಲಿರಬೇಕು ಎಂಬ ಚಿಂತೆ ಅಷ್ಟಾಗಿ ಕಾಣಲಿಲ್ಲ. ಬಡಾವಣೆ ಬೆಳೆದಂತೆ ಅದರ ಕೆಲಸ ಮಾಡುವವರು ಕೆರೆಯಂಗಳ, ಕಾಲುವೆಯ ದಂಡೆ, ರೈಲು ಹಳಿಯ ಪಕ್ಕ ಎಂದು ಸಿಕ್ಕಿದ ಕಡೆ ಸೇರಿಕೊಂಡರು. ನಾವು ಅದನ್ನು ‘ಕೊಳಚೆ’ ಎಂದು ಕರೆದೆವು. ಕರ್ನಾಟಕದಲ್ಲಿ ಇದಕ್ಕೆಂದೇ 1973ರಲ್ಲಿ ಕಾಯಿದೆಯಾಯಿತು, 1975ರಲ್ಲಿ ಮಂಡಳಿಯಾಯಿತು. ಮೊದಲು ಅದರ ಹೆಸರಿನಲ್ಲಿ ‘ನಿರ್ಮೂಲನ’ ಎಂದಿತ್ತು, ಈಗ ‘ಅಭಿವೃದ್ಧಿ’ ಎಂದಿದೆ. ಹೆಸರಿನ ಈ ಬದಲಾವಣೆ ಬರಿಯ ಬೋರ್ಡಿನ ಬಣ್ಣವಲ್ಲ. ಜನರನ್ನು ಎಬ್ಬಿಸುವುದಕ್ಕಿಂತ, ಇದ್ದಲ್ಲೇ ಅವರ ಬಾಳನ್ನು ಹಸನು ಮಾಡುವುದು ಮೇಲು ಎಂಬ ತಿಳಿವು ಅದರ ಹಿಂದಿದೆ.

ಈಗ ಒಂದೆರಡು ಅಂಕಿಗಳನ್ನು ಹೇಳುತ್ತೇನೆ, ಬೇಸರಿಸಬೇಡಿ. ನಮ್ಮ ದೇಶದ ಪಟ್ಟಣಗಳಲ್ಲಿ ಎಷ್ಟು ಮನೆಗಳ ಕೊರತೆಯಿದೆ ಎಂದು 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ಲೆಕ್ಕ ಹಾಕಿತು. ಬಂದ ಉತ್ತರ ಸುಮಾರು 1 ಕೋಟಿ 88 ಲಕ್ಷ. ಇದರಲ್ಲಿ ನೂರಕ್ಕೆ 96ರಷ್ಟು ಕೊರತೆ ತೀರ ಕಡಿಮೆ ವರಮಾನದವರದು. ಇನ್ನೂ ಒಂದು ಸಂಗತಿ ಗಮನಿಸಿ. ಸೂರೇ ಇಲ್ಲದವರು ಅದರಲ್ಲಿ ನೂರಕ್ಕೆ ಮೂವರು ಮಾತ್ರ. ಬಹುಪಾಲು ಜನ ಮನೆಯುಳ್ಳವರೇ, ಆದರೆ ಇಬ್ಬರ ಜಾಗದಲ್ಲಿ ಆರು ಜನ ಇಕ್ಕಟ್ಟಾಗಿ ಬದುಕುವವರು. ಇತ್ತ 2011ರ ಜನಗಣತಿಯವರು ಪಟ್ಟಣಗಳಲ್ಲಿ ಬೀಗ ಹಾಕಿ ಖಾಲಿ ಬಿಟ್ಟ ಮನೆಗಳನ್ನೂ ಎಣಿಸಿದ್ದರು. ಅವು 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಅಂದಮೇಲೆ ಇಟ್ಟಿಗೆ, ಸಿಮೆಂಟುಗಳ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ಮನೆ ಇರುವ ಕಡೆ ಅದನ್ನು ಕೊಳ್ಳಬಲ್ಲವರಿಲ್ಲ. ದುಡಿಯುವವರಿರುವ ಕಡೆ ಅವರಿಗೆ ಎಟುಕುವ ಮನೆಯಿಲ್ಲ.

ಎಟುಕುವ ಬೆಲೆಗೆ ಕಟ್ಟಿದ ಮನೆ ಭದ್ರವಾಗಿಯೂ ಇರಬೇಕಷ್ಟೆ. ಬೆಂಗಳೂರಿನ ಈಜಿಪುರದಲ್ಲಿ ಹಿಂದುಳಿದ ವರಮಾನದವರಿಗೆಂದು ನಗರಪಾಲಿಕೆ ಸುಮಾರು 1,500 ಮನೆಗಳ ವಠಾರಗಳನ್ನು ಕಟ್ಟಿಸಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ, 2007ರಲ್ಲಿ, ಅದರಲ್ಲೊಂದು ಕಟ್ಟಡ ಕುಸಿದುಬಿತ್ತು. ಉಳಿದವನ್ನೂ ಕೆಡವಬೇಕಾಯಿತು. ನಿವಾಸಿಗಳು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಇದ್ದರು. ಅಷ್ಟರಲ್ಲಿ ಪಕ್ಕದ ಕೋರಮಂಗಲ ಬೆಳೆದು ನೆಲದ ಬೆಲೆ ಮುಗಿಲು ಮುಟ್ಟಿತ್ತು. 2013ರ ಜನವರಿಯ ಚಳಿಯಲ್ಲಿ ಶೆಡ್ಡುಗಳನ್ನೂ ಕಿತ್ತರು. ಅಲ್ಲಿಂದ ಎದ್ದ ಹೆಂಗಸರಲ್ಲಿ ಅನೇಕರು ಅದೇ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಕಳಪೆಯಾಗಿ ಕಟ್ಟಿದ ಮನೆ ಬಡವನಿಗೆ ಎರಡು ಸಲ ಮೋಸ ಮಾಡುತ್ತದೆ. ಮೊದಲು ಗೋಡೆ ಹೋಗುತ್ತದೆ, ಆಮೇಲೆ ಅದು ನಿಂತಿದ್ದ ನೆಲ ಹೋಗುತ್ತದೆ.

ನೆಲದ ಮಾತು ಬಂತಾದ್ದರಿಂದ ಪಟ್ಟಣದಿಂದ ಸ್ವಲ್ಪ ಹೊರಗೆ ಹೋಗೋಣ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ಕಾಯಿದೆಯನ್ನು ಬಿಗಿ ಮಾಡಿ, ಉಳುವವನೇ ಹೊಲದೊಡೆಯ ಎಂದಿತು. ಆದರೆ ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳಂಥ ಅನೇಕ ಕಡೆ ತಲೆತಲಾಂತರದಿಂದ ಬಾಳಿದ ಸಂಸಾರಗಳಿಗೆ ತಾವು ಮಲಗುವ ನೆಲದ ಕಾಗದವೇ ಇರಲಿಲ್ಲ. ಕಾಗದವಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡದು. ನಾಳೆ ಎಬ್ಬಿಸಿಯಾರು ಎಂಬ ಅಂಜಿಕೆಯಿಂದ ಅವರೂ ಒಂದು ಗೋಡೆಯನ್ನು ಗಟ್ಟಿಯಾಗಿ ಏಳಿಸಲಾರರು. ಅದಕ್ಕಾಗಿ ಭೂಸುಧಾರಣೆಯ ಕಾಯಿದೆಗೆ ಇತ್ತೀಚೆಗೆ ಮತ್ತೊಂದು ತಿದ್ದುಪಡಿ ಬಂದು, ವಾಸಿಸುವವನೇ ಮನೆಯೊಡೆಯ ಎಂಬ ಮಾತು ಸೇರಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ತಾಂಡಾ ಸಂಸಾರಗಳಿಗೆ ಹಕ್ಕುಪತ್ರ ಕೊಟ್ಟರು. ಒಂದು ಹಾಳೆ ಕಾಗದ ನಮ್ಮ ನಿಮ್ಮ ಪೆಟ್ಟಿಗೆಯಲ್ಲಿ ಮರೆತುಹೋಗಿ ಬಿದ್ದಿರುತ್ತದೆ. ಅದು ಇಲ್ಲದವನಿಗೆ ಗೊತ್ತು ಅದರ ತೂಕ. ಆ ಕಾಗದ ಹೆಂಗಸಿನ ಹೆಸರಿನಲ್ಲಿದ್ದರೆ ಇನ್ನೂ ಲೇಸು. ಕುಡಿದು ಬಂದ ಗಂಡ ‘ಹೊರಗೆ ನಡೆ’ ಎನ್ನುವ ಮುನ್ನ ಒಂದು ಗಳಿಗೆ ಯೋಚಿಸುತ್ತಾನೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಿಗೆ, ಇಲ್ಲವೆ ಗಂಡಹೆಂಡಿರ ಜಂಟಿ ಹೆಸರಿಗೆ ಇರಲಿ ಎಂದು ನಿಯಮ ಮಾಡಿರುವುದು ಇದೇ ಕಾರಣಕ್ಕೆ.

ಎಲ್ಲರಿಗೂ ಸ್ವಂತ ಮನೆಯೇ ಬೇಕೆಂದೂ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರಿಗೆ ಗಾರೆಕೆಲಸಕ್ಕೆ ಬರುವ ಸಂಸಾರಗಳು ಬಿತ್ತನೆಯ ಹೊತ್ತಿಗೆ ಊರಿಗೆ ಮರಳುವಂಥವು. ಅವರಿಗೆ ಬೇಕಾದದ್ದು ಕೆಲವು ತಿಂಗಳ ಮಟ್ಟಿಗೆ ಮರ್ಯಾದೆಯ ಬಾಡಿಗೆ ಮನೆ. ಇರುವುದು ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ ಗುಡಾರ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ‘ಮನೆಯಲ್ಲೇ ಇರಿ’ ಎಂದು ಅಪ್ಪಣೆಯಾದಾಗ, ಆ ಗುಡಾರಗಳ ಜನ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದರು. ಇರಬೇಕೆಂದರೆ ಮನೆ ಇರಬೇಕಲ್ಲ! ಹಾಗೆ ನೋಡಿದರೆ ಕಾನೂನು ಮೊದಲೇ ಇತ್ತು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ಪ್ರಕಾರ, ಕೆಲಸ ಮುಗಿಯುವತನಕ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಸಮೀಪದಲ್ಲಿ ಬಾಡಿಗೆಯಿಲ್ಲದ ವಸತಿಯನ್ನು, ಅಡುಗೆ, ಸ್ನಾನ, ಕಕ್ಕಸುಗಳ ಏರ್ಪಾಡಿನೊಡನೆ, ಮಾಲೀಕನೇ ಒದಗಿಸಬೇಕಿತ್ತು. ನಿಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದ್ದರೆ ಒಮ್ಮೆ ನೋಡಿ ಬನ್ನಿ. ಆ ಮನೆ ಕಟ್ಟುವವರ ಮಕ್ಕಳು ಎಲ್ಲಿ ಮಲಗುತ್ತಾರೆಂದು.

ಸರ್ಕಾರ ಮಾಡಬೇಕಾದ್ದು ಬಹಳವಿದೆ. ಅದನ್ನು ಬಲ್ಲವರು ಹೇಳುತ್ತಾರೆ. ಮನೆಯುಳ್ಳ ನಾವು ಮಾಡಬಹುದಾದ್ದನ್ನು ಮಾತ್ರ ನಾನು ಹೇಳಿ ಮುಗಿಸುತ್ತೇನೆ. ಬಾಡಿಗೆಗೆ ಕೊಡಲು ಒಂದು ಕೋಣೆ ಇದ್ದರೆ, ಬಂದವರನ್ನು ‘ಯಾವ ಜನ’ ಎಂದು ಕೇಳುವುದನ್ನು ಬಿಡೋಣ. ಬಾಡಿಗೆ ಸರಿಯಾಗಿ ಕೊಡುವವರೇ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುವವರೇ ಎಂಬುದಷ್ಟೇ ನಮಗೆ ಸಂಬಂಧಪಟ್ಟದ್ದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನಲ್ಲಿ ಬೆಳೆದುಬಂದ ಪದ್ಧತಿ. ಕೇಂದ್ರ ಸರ್ಕಾರ 2021ರಲ್ಲಿ ರಚಿಸಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಕೂಡದೆನ್ನುತ್ತದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರ. ಆದರೆ ಕಾನೂನು ಬಂದು ಬಾಗಿಲು ತಟ್ಟುವತನಕ ನಾವು ಕಾಯಬೇಕಾದ್ದಿಲ್ಲ. ನಮ್ಮ ಬಡಾವಣೆಯ ಸಮೀಪ ಬಡವರಿಗೆ ಮನೆ ಕಟ್ಟಿಸುತ್ತಾರೆಂಬ ಸುದ್ದಿ ಬಂದರೆ, ಅದನ್ನು ದೂರಕ್ಕೆ ಕಳಿಸಿ ಎಂಬ ಅರ್ಜಿಗೆ ಸಹಿ ಹಾಕುವ ಮುನ್ನ, ಬೆಳಿಗ್ಗೆ ಆರಕ್ಕೆ ನಮ್ಮ ಮನೆಯ ಗಂಟೆ ಒತ್ತುವವರು ಯಾರೆಂದು ನೆನೆಸಿಕೊಳ್ಳೋಣ. ಇಷ್ಟು ಸಾವಿರ ಮನೆ ಕಟ್ಟಿಸಿದೆವೆಂದು ಯಾರಾದರೂ ಹೇಳಿದಾಗ, ಸಂತೋಷ, ಎಲ್ಲಿ ಕಟ್ಟಿಸಿದಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳೋಣ.

ನಮ್ಮ ಮನೆಗೆ ಬರುವಾಕೆ ಈಗಲೂ ಆ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲೇ ಇದ್ದಾಳೆ. ದುಡಿದದ್ದರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಬಾಡಿಗೆಗೆ ಹೋಗುತ್ತದೆ. ದೂರದ ಮನೆಗೆ ತಿಂಗಳಿಗೊಮ್ಮೆ ಹೋಗಿ, ಕಸ ಗುಡಿಸಿ, ದೀಪ ಹಚ್ಚಿಟ್ಟು ಬರುತ್ತಾಳೆ. ಮಗಳು ಹತ್ತನೆಯ ತರಗತಿ ದಾಟಿದ್ದಾಳೆ. ಅದು ಈ ಕೋಣೆಯಲ್ಲಿದ್ದುದರಿಂದ ಆಯಿತು ಎನ್ನುತ್ತಾಳೆ ತಾಯಿ. ಶಾಲೆ ನಡೆದುಹೋಗುವಷ್ಟು ಹತ್ತಿರವಿತ್ತಲ್ಲ, ಅದಕ್ಕೆ. ಅವಳಿಗೆ ಒಂದು ಕಡೆ ಗಟ್ಟಿಯಾದ ಸೂರಿದೆ, ಇನ್ನೊಂದು ಕಡೆ ಬದುಕಲು ನೆಲವಿದೆ. ಎರಡೂ ಒಂದೇ ಕಡೆ ಸಿಕ್ಕಿದ್ದರೆ ಅದನ್ನು ಮನೆ ಎನ್ನಬಹುದಿತ್ತು.